ಖಾಲಿ ಬಕೆಟ್ಟಿನ ಪೇಟೆಂಟು

ಸರ್ಕಾರಿ ಕೃಷಿ ಸಂಶೋಧನಾಲಯದಲ್ಲಿ ತನ್ನ ಯೌವನವನ್ನೂ ಮೊಣಕಾಲುಗಳನ್ನೂ ಸವೆಸಿದ ಎಲ್ಡನ್ ರೋಸ್‌ವೋಲ್ಡ್‌ಗೆ ಇದ್ದದ್ದು ಒಂದೇ ಆಸೆ. ತಾನು ಕಂಡುಹಿಡಿದ ಯಾವುದಾದರೂ ವಸ್ತು ನಿವೃತ್ತಿಯ ಒಳಗೆ ಯಾವುದಾದರೂ ಅಂಗಡಿಯ ಕಪಾಟಿನಲ್ಲಿ ಕೂತಿರುವುದನ್ನು ನೋಡಬೇಕು. ಶ್ರೀಮಂತನಾಗುವ ಹಂಬಲವಿರಲಿಲ್ಲ. ಆ ಹಂಬಲವಿದ್ದವರು ಉತ್ತರ ಡಕೋಟದ ಟೊರ್ವಿಕ್‌ನಲ್ಲಿ ಸರ್ಕಾರಿ ನೌಕರಿಗೆ ಸೇರುವುದಿಲ್ಲ. ಕಪಾಟು ಸಾಕಿತ್ತು. ಕೆಳಗಿನ ಸಾಲಾದರೂ ಆದೀತು, ನಾಯಿ ಬಿಸ್ಕತ್ತಿನ ಪಕ್ಕದಲ್ಲಾದರೂ ಆದೀತು.

ಹಿಂದೆ ಅವನು ಆಲೂಗಡ್ಡೆ ಮೊಳಕೆಯೊಡೆಯದಂತೆ ಕಾಪಾಡುವ ಚೀಲವೊಂದನ್ನು ಕಂಡುಹಿಡಿದಿದ್ದ. ಆಲೂಗಡ್ಡೆ ಮೊಳಕೆಯೊಡೆಯಲಿಲ್ಲ, ನಿಜ, ಬೇಯಲೂ ಇಲ್ಲ. ಬೀಟ್ ಗೆಡ್ಡೆಯ ಹಿಂಡಿಯಿಂದ ಮರಗೆಲಸದ ಅಂಟೊಂದನ್ನು ಮಾಡಿದ್ದ. ಅಂಟಿಸಿದ ಕುರ್ಚಿಯನ್ನು ಮನೆಯ ನಾಯಿ ನೆಕ್ಕಿ ನೆಕ್ಕಿ ಬಿಡಿಸಿಹಾಕಿತು. ಪ್ರತಿ ಸಲವೂ, ಶೋಧನೆಗಳನ್ನು ಕಂಪನಿಗಳಿಗೆ ವಹಿಸಿಕೊಡುವ ಲೈಸೆನ್ಸ್ ಕಚೇರಿಯಿಂದ ಬರುತ್ತಿದ್ದದ್ದು ಒಂದೇ ಉತ್ತರ: ಕಂಪನಿ ಯಾವುದಾದರೂ ಆಸಕ್ತಿ ತೋರಿಸಲಿ, ಆಮೇಲೆ ಪೇಟೆಂಟಿಗೆ ಅರ್ಜಿ ಹಾಕೋಣ. ಸರ್ಕಾರದ ದುಡ್ಡಿನಲ್ಲಿ ಹುಟ್ಟಿದ ಶೋಧನೆ ತಲೆತಗ್ಗಿಸಿ ಕೂತಿರಬೇಕು, ವರ ಬಂದು ನೋಡುವತನಕ ಜಾತಕ ಬರೆಸುವುದಿಲ್ಲ ಎಂಬುದು ಇಲಾಖೆಯ ಪದ್ಧತಿ. ಎಲ್ಡನ್‌ನ ಶೋಧನೆಗಳು ಹೀಗೆ ಕೂತಲ್ಲೇ ಮುದಿಯಾಗಿದ್ದವು.

ಕೊನೆಯದು ಸೂರ್ಯಕಾಂತಿ ಬೀಜದ ಸಿಪ್ಪೆಯಿಂದ ತೆಗೆದ ಮೇಣ. ಅದನ್ನು ಸಲಿಕೆಗೆ ಸವರಿದರೆ ಹಿಮ ಅಂಟುವುದಿಲ್ಲ. ವರ್ಷದಲ್ಲಿ ಐದು ತಿಂಗಳು ಹಿಮ ಬಾಚುವುದೇ ಬದುಕಾಗಿರುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೂ ಎಲ್ಡನ್ ಅದನ್ನು ಯಾರಿಗೂ ಹೇಳದೆ ಇರುತ್ತಿದ್ದನೋ ಏನೋ, ಹೆಂಡತಿಯ ತಮ್ಮ ವರ್ಲಿನ್ ಇರದಿದ್ದರೆ.

ವರ್ಲಿನ್‌ಗೆ ಹೆದ್ದಾರಿಯ ಪಕ್ಕದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯಿತ್ತು, ಜೊತೆಗೆ ಎಲ್ಲದರ ಬಗ್ಗೆ ಅಭಿಪ್ರಾಯವಿತ್ತು. ಒಂದು ವರ್ಷ ನವೆಂಬರಿನ ಮೊದಲ ಹಿಮ ಬಿದ್ದ ಬೆಳಿಗ್ಗೆ, ಎಲ್ಡನ್ ಬಾಗಿಲ ಮುಂದೆ ಬಾಚುತ್ತಿದ್ದಾಗ ವರ್ಲಿನ್‌ನ ಟ್ರಕ್ಕು ಬಂದು ನಿಂತಿತು.

"ಏನ್ ಭಾವ, ಈ ವರ್ಷ ಏನ್ ಕಂಡುಹಿಡಿದೆ ಆಫೀಸಲ್ಲಿ? ಕುರ್ಚಿನಾ?"

ಎಲ್ಡನ್ ಮೂವತ್ತು ವರ್ಷ ಇಂಥ ಮಾತು ನುಂಗಿದವನು. ಆ ದಿನ ಯಾಕೋ ನುಂಗಲಿಲ್ಲ. ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಭಾಮೈದನ ಟ್ರಕ್ಕಿನಲ್ಲಿದ್ದ ಸಲಿಕೆಗೆ ಸವರಿ, ಅವನ ಕೈಗೇ ಕೊಟ್ಟ. ಹಿಮ, ಹದವಾದ ಕಾವಲಿಯಿಂದ ದೋಸೆ ಏಳುವಂತೆ, ಸುಮ್ಮನೆ ಜಾರಿ ಬಿತ್ತು. ವರ್ಲಿನ್ ಇನ್ನೊಮ್ಮೆ ಎತ್ತಿದ. ಮತ್ತೆ ಜಾರಿತು. ವರ್ಲಿನ್ ಮಾತಿಲ್ಲದೆ ನಿಂತ. ಟೊರ್ವಿಕ್‌ನ ಚರಿತ್ರೆಯಲ್ಲಿ ಇದೂ ದಾಖಲಾಗಬೇಕಾದ ಘಟನೆಯೇ.

"ಇದು ಯಾರ್ದು?" ಎಂದು ಕೊನೆಗೆ ಕೇಳಿದ.

"ಸರ್ಕಾರದ್ದು."

"ಸರ್ಕಾರದ್ದು ಅಂದ್ರೆ?"

ಇಲ್ಲಿ ಎಲ್ಡನ್ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಸಲಿಕೆಯನ್ನು ಕೋಲಿನಂತೆ ಊರಿ, ಸಂಶೋಧನಾಲಯದ ನಿರ್ದೇಶಕರು ಪ್ರತಿ ವರ್ಷ ಮಾಡುವ ಭಾಷಣದ ಧಾಟಿಯಲ್ಲಿ ಹೇಳಿದ: "ಸಾರ್ವಜನಿಕರ ತೆರಿಗೆಯ ಹಣದಲ್ಲಿ, ಸಾರ್ವಜನಿಕರ ಒಳಿತಿಗಾಗಿ ಆದದ್ದು."

"ಸಾರ್ವಜನಿಕರು ಅಂದ್ರೆ ನಾನೇ ಅಲ್ವಾ ಭಾವ? ಹಂಗಾದ್ರೆ ನನ್ನ ಪಾಲು ಕೊಡು."

ಎಲ್ಡನ್ ಗ್ಯಾರೇಜಿಗೆ ನಡೆದ. ಅಲ್ಲಿ ಪ್ರಯೋಗ ಮುಗಿದು ಚೆಲ್ಲಬೇಕಾಗಿದ್ದ ಮೇಣ ಬೇಕಾದಷ್ಟಿತ್ತು. ಹೆಂಡತಿ ಲವಾನ್‌ಳ ಐಸ್‌ಕ್ರೀಂ ಬಕೆಟ್ಟೊಂದರಲ್ಲಿ ತುಂಬಿಸಿ ಕೊಟ್ಟ.

ಟೊರ್ವಿಕ್‌ನಲ್ಲಿ ಜನ ಐಸ್‌ಕ್ರೀಂ ತಿನ್ನುವುದೇ ಆ ಪ್ಲಾಸ್ಟಿಕ್ ಬಕೆಟ್ಟಿಗಾಗಿ. ಉಪ್ಪಿನಕಾಯಿ, ಮೊಳೆ, ಮೀನಿನ ಎರೆ, ಸತ್ತವರ ಕನ್ನಡಕ, ಎಲ್ಲವೂ ಇರುವುದು ಅದರಲ್ಲೇ. ಅದಕ್ಕೊಂದು ನಿಯಮವೂ ಇದೆ, ಚರ್ಚಿನಲ್ಲಿ ಕಲಿಸುವುದಿಲ್ಲ, ಆದರೂ ಎಲ್ಲರಿಗೂ ಗೊತ್ತು: ನೆರೆಯವರ ಬಕೆಟ್ಟು ಬರಿದಾಗಿ ಹಿಂದಿರುಗಬಾರದು. ಕೊನೆಪಕ್ಷ ನಾಲ್ಕು ಮೊಟ್ಟೆಯಾದರೂ ಇರಬೇಕು.

ವರ್ಲಿನ್ ಬಕೆಟ್ಟನ್ನು ಬರಿದಾಗಿ ತಂದು ಜಗಲಿಯ ಮೇಲಿಟ್ಟು ಹೋದ.

"ನನ್ನ ತಮ್ಮ! ನನ್ನ ಒಡಹುಟ್ಟಿದವನು!" ಲವಾನ್ ಬಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. "ತೊಳೆದೂ ಇಲ್ಲ ನೋಡ್ರೀ."

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಓರ್ಫಾ ಅಜ್ಜಿ ಬೇಲಿಯ ಆಚೆಯಿಂದ ಕೂಗಿದಳು: "ವರ್ಲಿನ್ ಬಂದಿದ್ನಲ್ಲ, ಏನ್ ಹಾಕಿ ಕೊಟ್ಟ?"

ಲವಾನ್ ಬಕೆಟ್ಟಿನ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿದಳು. "ಸಾಸೇಜು ಅಜ್ಜಿ. ಜಿಂಕೆ ಮಾಂಸದ್ದು. ಬಕೆಟ್ ತುಂಬ."

ತವರಿನ ಮಾನದ ವಿಷಯ. ಸಂಜೆಯೊಳಗೆ ಸಾಸೇಜಿನ ಸುದ್ದಿ ಊರೆಲ್ಲ ಹಬ್ಬಿತು. ಯಾರೋ ಅಂಗಡಿಯಲ್ಲಿ ಹೊಗಳಿದಾಗ ವರ್ಲಿನ್ ಸುಮ್ಮನೆ ಗದ್ದ ತುರಿಸಿಕೊಂಡ. ಎರಡನೆಯವರು ಹೊಗಳಿದಾಗ "ಅಕ್ಕನಿಗಲ್ವಾ ಕೊಟ್ಟಿದ್ದು" ಎಂದ. ಮೂರನೆಯವರ ಹೊತ್ತಿಗೆ ಆ ಜಿಂಕೆಯನ್ನು ಹೊಡೆದ ಜಾಗವೂ ಅವನಿಗೆ ನೆನಪಾಗಿತ್ತು.

ಹೊಸ ವರ್ಷ ಕಳೆದ ಮೇಲೆ ಊರಿಗೆ ಊರೇ ಬಕೆಟ್ಟು ಹಿಡಿದು ಬಂತು. ಓರ್ಫಾ ಅಜ್ಜಿ ಬಂದಳು. ಚರ್ಚಿನ ಮೆಟ್ಟಿಲಿಗೆ ಬೇಕೆಂದು ಪಾದ್ರಿ ಲಿಂಡಾಲ್ ಬಂದರು. "ನಮ್ಮ ತೆರಿಗೆ ದುಡ್ಡಿಂದಂತೆ" ಎಂದು ಎಲ್ಲರೂ ಸಂಕೋಚದಿಂದಲೇ, ಆದರೆ ದೊಡ್ಡ ಬಕೆಟ್ಟನ್ನೇ ಚಾಚಿದರು. ಕೊಟ್ಟದ್ದೆಲ್ಲ ತಿರುಗಿ ಬಂತು: ಲೆಫ್ಸೆ ರೊಟ್ಟಿ, ರುಬಾರ್ಬ್ ಎಂಬ ಹುಳಿ ದಂಟಿನ ಜಾಮು, ‘ಬಾರು’ ಎಂದು ಕರೆಯುವ ಬರ್ಫಿಯಂಥ ಸಿಹಿ ತುಂಡುಗಳು, ಮೀನಿನ ಉಪ್ಪಿನಕಾಯಿ. ಎಲ್ಡನ್ ಬೆಲ್ಟಿಗೆ ಹೊಸ ತೂತು ಕೊರೆದ.

ಒಬ್ಬನ ಸಲಿಕೆಗೆ ಮಾತ್ರ ಹಿಮ ಅಂಟುತ್ತಲೇ ಇತ್ತು. ಸರ್ಕಾರದ ಶೋಧನೆಯನ್ನು ನೌಕರ ಸ್ವಂತ ಲಾಭಕ್ಕೆ ಬಳಸಬಾರದು ಎಂಬ ನಿಯಮ ಎಲ್ಡನ್‌ಗೆ ಕಂಠಪಾಠವಾಗಿತ್ತು. ಕೊಡುವುದರಲ್ಲಿ ತಪ್ಪು ಕಾಣದವನಿಗೆ ಬಳಸುವುದರಲ್ಲಿ ಕಂಡಿತು; ಪ್ರಾಮಾಣಿಕರ ಲೆಕ್ಕಾಚಾರವೇ ಹೀಗೆ. ಬೀದಿಯ ತುಂಬ ಸಲಿಕೆಗಳು ಸರ್ರನೆ ಓಡುವಾಗ ಶೋಧಕ ಮಾತ್ರ ಎರಡು ಸಲ ಎತ್ತಿದಾಗೊಮ್ಮೆ ನಿಂತು ಮೆಟ್ಟಿಲಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದ. ಆ ಸದ್ದು ಕೇಳಿದರೆ ಎಲ್ಡನ್ ಎದ್ದಿದ್ದಾನೆಂದು ಓರ್ಫಾ ಅಜ್ಜಿ ಕಾಫಿಗೆ ನೀರಿಡುತ್ತಿದ್ದಳು.

ಅದೇ ವರ್ಷ ಡಿಸೆಂಬರ್ ಮೊದಲ ವಾರ, ಮಿನಿಯಾಪೊಲಿಸ್‌ನ ಸಲಿಕೆ ಕಂಪನಿಯೊಂದರ ಮಾರಾಟಗಾರ ಟೊರ್ವಿಕ್ ಮೂಲಕ ಹಾದುಹೋದ. ಬೀದಿಯ ಸಲಿಕೆಗಳನ್ನು ನೋಡಿ ಕಾರು ನಿಲ್ಲಿಸಿದ. ವಾರದೊಳಗೆ ಲೈಸೆನ್ಸ್ ಕಚೇರಿಯಿಂದ ಎಲ್ಡನ್‌ಗೆ ಫೋನ್ ಬಂತು. ಮಾತಾಡಿದವಳು ಗ್ರೆಚೆನ್ ಪಾಮ್. ಇಷ್ಟು ವರ್ಷ ಅವನಿಗೆ "ನೋಡೋಣ" ಎಂದು ಬರೆಯುತ್ತಿದ್ದವಳು.

"ರೋಸ್‌ವೋಲ್ಡ್ ಅವರೇ, ನೀವು ಕೂತಿದ್ದೀರಾ? ಕಂಪನಿಯವರು ನಿಮ್ಮ ಮೇಣದ ಲೈಸೆನ್ಸ್ ಕೇಳ್ತಿದ್ದಾರೆ. ಅವರೊಬ್ಬರಿಗೇ ಕೊಡಬೇಕಂತೆ. ದೇಶದ ಎಲ್ಲಾ ಅಂಗಡಿಯಲ್ಲೂ ಇಡ್ತಾರಂತೆ."

ಎಲ್ಡನ್ ಕೂತಿರಲಿಲ್ಲ, ಈಗ ಕೂತ. "ಕಪಾಟಿನಲ್ಲಾ ಮೇಡಂ?"

"ಕಪಾಟಿನಲ್ಲೇ. ಇವತ್ತೇ ಪೇಟೆಂಟಿಗೆ ಅರ್ಜಿ ಹಾಕ್ತೀನಿ. ಒಂದು ಸಣ್ಣ ಪ್ರಶ್ನೆ, ಸುಮ್ಮನೆ ಕೇಳಬೇಕು ಅಂತ ಕೇಳೋದು. ಮೇಣ ಯಾವತ್ತೂ ಲ್ಯಾಬಿನ ಆಚೆ ಹೋಗಿಲ್ಲ ತಾನೇ?"

ತಂತಿಯಲ್ಲಿ ಬಯಲುಸೀಮೆಯ ಗಾಳಿ ಸುಯ್ಯೆಂದಿತು.

"ಬಕೆಟ್ಟಲ್ಲಿ ಹೋಗಿದೆ ಮೇಡಂ," ಎಂದ ಎಲ್ಡನ್.

ಗ್ರೆಚೆನ್ ಮರುದಿನವೇ ವಿಮಾನ ಹತ್ತಿ, ಆಮೇಲೆ ಬಾಡಿಗೆ ಕಾರಿನಲ್ಲಿ ಜಾರುತ್ತಾ ಟೊರ್ವಿಕ್‌ಗೆ ಬಂದಳು. ತೆಳು ಬೂಟು, ಅದಕ್ಕಿಂತ ತೆಳುವಾದ ತಾಳ್ಮೆ, ಕಣ್ಣಿನ ಕೆಳಗೆ ಇಲಾಖೆಯ ಇಪ್ಪತ್ತು ವರ್ಷದ ನಿದ್ದೆಗೇಡು. ಅಡುಗೆಮನೆಯಲ್ಲಿ ಕೂತು ಕಾನೂನನ್ನು ಬಿಡಿಸಿ ಹೇಳಿದಳು.

"ನೋಡಿ, ಕೇಳಿ. ಮೊದಲನೇ ಮಾರಾಟ ಆಗಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವರ್ಷ ದಾಟಿದ್ರೆ ಆ ವಸ್ತು ಯಾರದ್ದೂ ಅಲ್ಲ, ಎಲ್ಲರದ್ದು. ಆಮೇಲೆ ಯಾವ ಕಂಪನಿನೂ ತಿರುಗಿ ನೋಡಲ್ಲ."

"ನಾನು ಮಾರಿಲ್ಲ ಮೇಡಂ. ಕೊಟ್ಟೆ."

"ಅವರು ತಿರುಗಿ ಏನೂ ಕೊಡ್ಲಿಲ್ಲ ತಾನೇ?"

ಎಲ್ಡನ್ ಲವಾನ್‌ಳ ಮುಖ ನೋಡಿದ. ಲವಾನ್ ಕಿಟಕಿ ನೋಡಿದಳು. ಗ್ರೆಚೆನ್ ತನ್ನ ಮುಂದಿದ್ದ ತಟ್ಟೆ ನೋಡಿದಳು. ಅದರಲ್ಲಿ ಓರ್ಫಾ ಅಜ್ಜಿಯ ರುಬಾರ್ಬ್ ಬಾರು ಅರ್ಧ ಉಳಿದಿತ್ತು. ಅವಳು ಅದನ್ನು ನಿಧಾನವಾಗಿ ದೂರ ಸರಿಸಿದಳು.

"ಕೊಟ್ಟು ತಗೊಂಡ್ರೆ ಕಾನೂನಿನ ಕಣ್ಣಲ್ಲಿ ಅದು ಮಾರಾಟ. ದುಡ್ಡೇ ಆಗಬೇಕಿಲ್ಲ, ಜಾಮೂ ಸಾಕು. ಬರೀ ಪ್ರಯೋಗ ಮಾಡಿ ನೋಡೋಕೆ ಕೊಟ್ಟಿದ್ದು, ಅವರು ಏನೂ ವಾಪಸ್ ಕೊಡ್ಲಿಲ್ಲ ಅಂದ್ರೆ ಮಾತ್ರ ಬಚಾವ್. ಎಲ್ಲಾ ಬಕೆಟ್ಟೂ ಯಾವಾಗ ಹೋದದ್ದು?"

"ಜನವರಿ ಮೇಲೆ."

"ಹಾಗಾದ್ರೆ ಅವಕ್ಕಿನ್ನೂ ವರ್ಷ ಆಗಿಲ್ಲ!" ಗ್ರೆಚೆನ್ ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿದಳು. "ಎಲ್ಲಾನೂ ಅಂದ್ರಾ?"

"ಒಂದು ಬಿಟ್ಟು," ಎಂದ ಎಲ್ಡನ್. "ವರ್ಲಿನ್‌ದು ಹೋದ ವರ್ಷದ ನವೆಂಬರ್."

"ವರ್ಲಿನ್ ಏನು ಕೊಟ್ರು?"

"ಏನೂ ಇಲ್ಲ ಮೇಡಂ! ಖಾಲಿ!" ಎಲ್ಡನ್‌ನ ಮುಖ ಅರಳಿತು. ಭಾಮೈದನ ಜಿಪುಣತನದಿಂದ ಒಳ್ಳೆಯದಾದೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. "ತೊಳೆದೂ ಇರ್ಲಿಲ್ಲ!"

"ದೇವರು ದೊಡ್ಡವನು. ಹಾಗಂತ ಅವರು ನಾಲ್ಕು ಜನರ ಮುಂದೆ ಹೇಳಿ ಸಹಿ ಹಾಕಿದ್ರೆ ಆಯ್ತು. ಕಂಪನಿಯ ವಕೀಲರು ಊರಲ್ಲೆಲ್ಲ ವಿಚಾರಿಸ್ತಾರೆ. ಯಾರೂ ಬೇರೆ ಥರ ಹೇಳಬಾರದು."

ಲವಾನ್ ಒಲೆ ಒರೆಸತೊಡಗಿದಳು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

ಭಾನುವಾರ ಪ್ರಾರ್ಥನೆಯಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ, ಕಾಫಿಯ ಹೊತ್ತಿನಲ್ಲಿ, ಗ್ರೆಚೆನ್ ಎಲ್ಲರ ಮುಂದೆ ನಿಂತಳು. ಜನ ಅವಳ ಬೂಟನ್ನು ನೋಡಿ ಮರುಗಿದರು. ಅವಳು ಸರಳವಾಗಿ ಕೇಳಿದಳು: ಈ ಮೇಣಕ್ಕೆ ಬದಲಾಗಿ ಯಾರು ಏನೂ ಕೊಟ್ಟಿಲ್ಲವೋ ಅವರು ಕೈಯೆತ್ತಿ.

ಒಂದು ಕೈಯೂ ಮೇಲೇಳಲಿಲ್ಲ. ಇಂಥ ಪ್ರಶ್ನೆಯನ್ನು ಆ ಗೋಡೆಗಳ ನಡುವೆ ಯಾರೂ ಕೇಳಿರಲಿಲ್ಲ. ನಿಮ್ಮಲ್ಲಿ ಹೆಂಡತಿಗೆ ಹೊಡೆಯುವವರು ಯಾರು ಎಂದು ಕೇಳಿದಂತಿತ್ತು.

ಮೊದಲು ಎದ್ದವಳು ಓರ್ಫಾ ಅಜ್ಜಿ. "ಏನಮ್ಮಾ, ನಾನು ಖಾಲಿ ಬಕೆಟ್ ವಾಪಸ್ ಕೊಟ್ಟೆ ಅಂತ ಅನ್ನಿಸ್ತಾ ನಿಂಗೆ ನನ್ನ ಮುಖ ನೋಡಿ? ಎರಡು ಡಜನ್ ಬಾರು ಕೊಟ್ಟಿದೀನಿ. ಮೇಲೆ ವಾಲ್‌ನಟ್ ಹಾಕಿ."

"ನಾನು ಲೆಫ್ಸೆ ಕೊಟ್ಟೆ," ಎಂದು ಹಿಂದಿನಿಂದ ಒಬ್ಬರು. "ಬೆಣ್ಣೆ ಸವರಿ."

"ನಾನು ಜಾಮು. ಬಕೆಟ್ಟಿಗೆ ಹೊಸ ಮುಚ್ಚಳ ಬೇರೆ!"

"ಚರ್ಚಿನ ಪರವಾಗಿ ಒಂದು ಹೆಬ್ಬಾತು ಹೋಯಿತು," ಎಂದು ಪಾದ್ರಿ ಲಿಂಡಾಲ್ ವಿನಯದಿಂದ ಸೇರಿಸಿದರು. ಹೆಬ್ಬಾತಿನ ಎದುರು ಲೆಫ್ಸೆ ಸಪ್ಪೆಯಾಯಿತು. ಲೆಫ್ಸೆಯವರು ಮೊಟ್ಟೆಯನ್ನೂ ನೆನಪಿಸಿಕೊಂಡರು. ಎರಡು ಡಜನ್ ಮೂರಾಯಿತು.

"ಇರ್ಲಿ, ಇರ್ಲಿ! ನಿಮ್ಮದ್ಯಾವುದೂ ಮುಖ್ಯ ಅಲ್ಲ!" ಎಂದು ಗ್ರೆಚೆನ್ ಕೂಗಿದಳು. ಆ ಮಾತು ಹೆಬ್ಬಾತಿಗಿಂತ ಭಾರವಾಗಿ ಬಿತ್ತು. "ನನಗೆ ಬೇಕಾದವರು ಒಬ್ಬರೇ. ವರ್ಲಿನ್ ಯಾರು?"

ವರ್ಲಿನ್ ಕಾಫಿಯ ಪಾತ್ರೆಯ ಹತ್ತಿರದಿಂದ ಎದ್ದುನಿಂತ. ಊರೆಲ್ಲ ಅವನತ್ತ ತಿರುಗಿತು.

"ವರ್ಲಿನ್ ಅವರೇ, ಸುಮ್ಮನೆ ನಿಜ ಹೇಳಿ. ನೀವು ಏನೂ ಕೊಡಲಿಲ್ಲ, ಅಲ್ವಾ?"

ವರ್ಲಿನ್ ಟೋಪಿ ತೆಗೆದ. ಅಕ್ಕನನ್ನು ನೋಡಿದ, ಭಾವನನ್ನು ನೋಡಿದ, ಅಂಗಡಿಗೆ ಬರುವ ಅಷ್ಟೂ ಗಿರಾಕಿಗಳನ್ನು ನೋಡಿದ. ಟೋಪಿ ಮತ್ತೆ ಹಾಕಿಕೊಂಡ.

"ಸಾಸೇಜ್ ಕೊಟ್ಟಿದ್ದೆ," ಎಂದ. "ಜಿಂಕೆದು. ಬಕೆಟ್ ತುಂಬ. ಬೇಕಾದ್ರೆ ಅಕ್ಕನ್ನೇ ಕೇಳಿ."

"ಹೂಂ, ಕೊಟ್ಟಿದ್ದ, ಕೊಟ್ಟಿದ್ದ," ಎಂದು ಊರು ತಲೆಯಾಡಿಸಿತು. "ಲವಾನೇ ಹೇಳಿದ್ಲಲ್ಲ ಬೇಲಿ ಹತ್ರ," ಎಂದು ಓರ್ಫಾ ಅಜ್ಜಿ ಸಾಕ್ಷಿ ನುಡಿದಳು.

ಎಲ್ಡನ್ ಮಡಚುಕುರ್ಚಿಯಲ್ಲಿ ಇನ್ನಷ್ಟು ಮಡಚಿಕೊಂಡ. ಕಪಾಟು ಎಷ್ಟು ಹತ್ತಿರ ಬಂದಿತ್ತೆಂದರೆ ಅದರ ಬಣ್ಣವೂ ಅವನಿಗೆ ಕಂಡಿತ್ತು. ಅವನು ಹೆಂಡತಿಯ ಕಡೆ ನೋಡಲಿಲ್ಲ. ನೋಡಿದರೆ ಕೇಳಿದಂತಾಗುತ್ತದೆ, ಕೇಳುವುದು ಅವನ ಸ್ವಭಾವದಲ್ಲಿರಲಿಲ್ಲ.

ಲವಾನ್ ತಾನಾಗಿ ಎದ್ದಳು. ಅವಳ ಕಿವಿ ಕೆಂಪಗಾಗಿತ್ತು.

"ಖಾಲಿ," ಎಂದಳು. "ಖಾಲಿನೇ ತಂದಿಟ್ಟ. ತೊಳೆದಿರಲಿಲ್ಲ. ಸಾಸೇಜು ನಾನು ಕಟ್ಟಿದ ಕಥೆ. ನಮ್ಮಮ್ಮ ಬೆಳೆಸಿದ್ದು ಇಬ್ಬರನ್ನೂ ಒಂದೇ ಥರ. ಇವನಿಗೆ ಹತ್ತಲಿಲ್ಲ, ನಾನೇನ್ ಮಾಡ್ಲಿ?"

ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಟೊರ್ವಿಕ್‌ನಲ್ಲಿ ಅವಮಾನ ಮಾಡುವ ಕ್ರಮವೇ ಬೇರೆ: ಎಲ್ಲರೂ ತಮ್ಮ ತಮ್ಮ ಕಪ್ಪಿನೊಳಗೆ ಇಣುಕಿ ನೋಡಿದರು. ಪಾದ್ರಿ ಲಿಂಡಾಲ್ ಹವಾಮಾನದ ಬಗ್ಗೆ ಏನೋ ಹೇಳಿದರು. ವರ್ಲಿನ್ ಗ್ರೆಚೆನ್ ಚಾಚಿದ ಕಾಗದಕ್ಕೆ ಸಹಿ ಗೀಚಿ, ಮೆಟ್ಟಿಲು ಹತ್ತಿ ಹೊರಟುಹೋದ. ಅವನ ಟ್ರಕ್ಕು ಎರಡು ಸಲ ಸ್ಟಾರ್ಟ್ ಆಗದೆ ಕೆಮ್ಮಿದ್ದನ್ನು ಕೆಳಗಿನವರೆಲ್ಲ ಕೇಳಿಸಿಕೊಂಡರು.

ಸೋಮವಾರ ಬೆಳಿಗ್ಗೆ ಗ್ರೆಚೆನ್ ಎಲ್ಡನ್‌ನ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಿದ್ದಳು. ಅರ್ಜಿ ಸಿದ್ಧವಾಗಿತ್ತು, ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ಲವಾನ್ ರಾತ್ರಿ ನಿದ್ದೆ ಮಾಡಿರಲಿಲ್ಲ. ಕಾಫಿ ಬಗ್ಗಿಸುತ್ತಿದ್ದಳು. ಆಗ ಬಾಗಿಲು ಬಡಿದ ಸದ್ದಾಯಿತು.

ವರ್ಲಿನ್. ಕೈಯಲ್ಲಿ ಐಸ್‌ಕ್ರೀಂ ಬಕೆಟ್ಟು. ಮುಚ್ಚಳ ಮುಚ್ಚಲಾಗದಷ್ಟು ಸಾಸೇಜು ತುಂಬಿತ್ತು.

"ತಗೋ ಅಕ್ಕ," ಎಂದ, ನೆಲ ನೋಡುತ್ತಾ.

ಗ್ರೆಚೆನ್‌ಳ ಬೆರಳು ಗುಂಡಿಯ ಮೇಲೆಯೇ ನಿಂತಿತು. "ಇದು... ಇದು ಕ್ರಿಸ್ಮಸ್ ಉಡುಗೊರೆ ಅಲ್ವಾ ವರ್ಲಿನ್ ಅವರೇ? ಹಬ್ಬ ಹತ್ರ ಬಂತಲ್ಲ."

"ಉಡುಗೊರೆ ಯಾಕೆ ಕೊಡ್ಲಿ? ಹೋದ ವರ್ಷದ್ದು ಇದು. ಬಾಕಿ."

"ಬಾಕಿ ಅನ್ನಬೇಡಿ, ದಯವಿಟ್ಟು. ನಾನೂ ಸರ್ಕಾರದವಳು, ಕಿವಿಗೆ ಬಿದ್ದದ್ದನ್ನ ಬಿಡೋ ಹಾಗಿಲ್ಲ. ಬಾಕಿ ಅಂದ್ರೆ ಮೊದಲೇ ಮಾತಾಗಿತ್ತು ಅಂತ ಅರ್ಥ ಆಗುತ್ತೆ, ಹೋದ ವರ್ಷವೇ ಮಾರಾಟ ಆಯ್ತು ಅಂತ ಆಗುತ್ತೆ. ಅಕ್ಕನ ಮೇಲಿನ ಪ್ರೀತಿಗೆ ತಂದಿದ್ದು ಅನ್ನಿ."

"ಅಕ್ಕನ ಮೇಲೆ ಪ್ರೀತಿನಾ? ನಿನ್ನೆ ಅಷ್ಟೆಲ್ಲ ಆದ ಮೇಲೆ?" ವರ್ಲಿನ್ ನಿಜಕ್ಕೂ ಆಶ್ಚರ್ಯಪಟ್ಟ. "ಬಕೆಟ್ ಅವಳದ್ದು, ಜಿಡ್ಡು ಭಾವಂದು. ಅದಕ್ಕೆ ಇದು. ಲೆಕ್ಕ ಚುಕ್ತಾ."

"ಸುಮ್ಮನೆ ಇಲ್ಲಿ ಮರೆತು ಹೋದೆ ಅನ್ನಿ!" ಗ್ರೆಚೆನ್ ಬೇಡಿಕೊಂಡಳು.

"ನಾನು ಮರೆಯೋನಲ್ಲ. ಎಲ್ಲರೆದುರು ನನ್ನನ್ನ ಮರೆತವನು ಅಂತ ಮಾಡಿದ್ರಲ್ಲ, ಸಾಕು." ಅವನು ಬಕೆಟ್ಟನ್ನು ಎಲ್ಡನ್‌ನ ಕಡೆ ಚಾಚಿದ. "ತಗೋತೀಯೋ ಇಲ್ವೋ ಭಾವ?"

ಬೇಡ ಎನ್ನಬಹುದಿತ್ತು. ಟೊರ್ವಿಕ್‌ನಲ್ಲಿ ತುಂಬಿದ ಬಕೆಟ್ಟನ್ನು ಬಾಗಿಲಿಂದ ತಿರುಗಿಸಿ ಕಳಿಸಿದವರು ಇಲ್ಲ. ಎಲ್ಡನ್ ಮೊದಲಿಗನಾಗಿ ಚರಿತ್ರೆ ಸೇರಬಹುದಿತ್ತು. ದೇಶದ ಎಲ್ಲಾ ಕಪಾಟುಗಳೂ ಆ ಒಂದು "ಬೇಡ"ದ ಆಚೆ ಸಾಲಾಗಿ ನಿಂತಿದ್ದವು. ಅವನು ಲವಾನ್ ಕಡೆ ನೋಡಿದ. ಅವಳು ತಮ್ಮನನ್ನು ನೋಡುತ್ತಿರಲಿಲ್ಲ, ಗಂಡನನ್ನೂ ನೋಡುತ್ತಿರಲಿಲ್ಲ. ಕಾಫಿ ಕಪ್ಪು ತುಂಬಿ ತಟ್ಟೆಗೆ ಚೆಲ್ಲುತ್ತಿತ್ತು, ಅವಳು ಬಗ್ಗಿಸುತ್ತಲೇ ಇದ್ದಳು.

ಎಲ್ಡನ್ ಕೈ ಚಾಚಿ ಬಕೆಟ್ಟು ತೆಗೆದುಕೊಂಡ. ಭಾರವಾಗಿತ್ತು.

"ಬಾ, ಒಳಗೆ ಬಾ," ಎಂದ. "ಬಾಗಿಲಲ್ಲಿ ನಿಂತ್ರೆ ಮನೆಯೆಲ್ಲ ತಣ್ಣಗಾಗುತ್ತೆ. ಕಾಫಿ ಕುಡಿ."

ಗ್ರೆಚೆನ್ ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ, ಇನ್ನು ಕಳೆದುಕೊಳ್ಳುವುದು ಏನೂ ಇಲ್ಲವೆಂಬಂತೆ, "ಬೇಯಿಸ್ತೀರಾ, ಹಾಗೇ ತಿನ್ನೋದಾ?" ಎಂದು ಕೇಳಿದಳು. ನಾಲ್ವರೂ ತಿಂದರು. ಸಾಸೇಜು ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳುವುದು ಎಲ್ಲರಿಗೂ ಕಷ್ಟವಾಯಿತು.

ಕಂಪನಿ ಕೈಬಿಟ್ಟಿತು. ಮೇಣ ಯಾರದ್ದೂ ಅಲ್ಲದ್ದಾಯಿತು, ಅಂದರೆ ಎಲ್ಲರದ್ದಾಯಿತು. ವರ್ಲಿನ್ ಮೊದಲ ದಿನ ಹೇಳಿದ್ದೂ ಅದನ್ನೇ. ಹೀಗೆ ಕಾನೂನು, ಬಹಳ ಸುತ್ತು ಬಳಸಿ, ವರ್ಲಿನ್‌ನ ಅಭಿಪ್ರಾಯಕ್ಕೇ ಬಂದು ಸೇರಿತು. ಮಾಡುವ ವಿಧಾನವನ್ನು ಇಲಾಖೆ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿತು. ಓದಿದವನು ವರ್ಲಿನ್ ಒಬ್ಬನೇ.

ಫೆಬ್ರವರಿಯಲ್ಲಿ ಎಲ್ಡನ್ ಮೊಳೆ ತರಲು ಅವನ ಅಂಗಡಿಗೆ ಹೋದ. ಕೆಳಗಿನ ಸಾಲು, ನಾಯಿ ಬಿಸ್ಕತ್ತಿನ ಪಕ್ಕ. ಏಳೆಂಟು ಐಸ್‌ಕ್ರೀಂ ಬಕೆಟ್ಟುಗಳು, ಮೇಲೆ ಕೈಬರಹದ ಚೀಟಿ: ‘ಎಲ್ಡನ್ ಜಿಡ್ಡು’. ಎಲ್ಡನ್ ಮೊಣಕಾಲೂರಿ ಬಹಳ ಹೊತ್ತು ನೋಡಿದ. ಎದ್ದೇಳಲು ಕಪಾಟನ್ನೇ ಹಿಡಿಯಬೇಕಾಯಿತು.

"ಮಾರಾಟ ಆಗುತ್ತಾ?" ಎಂದು ಕೇಳಿದ.

"ಎಲ್ಲಿ ಭಾವ! ಊರೋರ ಮನೇಲಿ ಎಲ್ಲಾ ನೀನು ಕೊಟ್ಟಿದ್ದೇ ಇನ್ನೂ ಇದೆ," ಎಂದ ವರ್ಲಿನ್. "ನೀನೊಂದು ತಗೊಂಡ್ಹೋಗು. ಸುಮ್ನೆ. ಬಕೆಟ್ ಮಾತ್ರ ವಾಪಸ್ ಕೊಡು."

ಈಗ ಅಡ್ಡಿಯಿರಲಿಲ್ಲ, ಎಲ್ಡನ್ ಮರುದಿನ ಬೆಳಿಗ್ಗೆ ತನ್ನ ಸಲಿಕೆಗೆ ಸವರಿದ. ಹಿಮ ಸರ್ರನೆ ಜಾರಿತು. ಎರಡು ಸಲ ಎತ್ತಿದ ಮೇಲೆ ಅವನು ನಿಂತು ಸಲಿಕೆಯನ್ನು ಮೆಟ್ಟಿಲಿಗೆ ಟಕ್ ಟಕ್ ಎಂದು ಬಡಿದ. ಏನೂ ಉದುರಲಿಲ್ಲ.

"ಇನ್ನೂ ಅಂಟುತ್ತೇನೋ ಎಲ್ಡನ್?" ಎಂದಳು ಓರ್ಫಾ ಅಜ್ಜಿ, ಕಿಟಕಿ ತೆರೆದು.

"ಇಲ್ಲ ಅಜ್ಜಿ. ನೀವು ಕಾಫಿಗೆ ನೀರಿಡಲಿ ಅಂತ."

ಬಕೆಟ್ಟು ಬರಿದಾದಾಗ ಲವಾನ್ ತೊಳೆದು, ಒರೆಸಿ, ಅದರ ತುಂಬ ಬಾರು ಜೋಡಿಸಿ ಕೊಟ್ಟಳು. ಎಲ್ಡನ್ ವರ್ಲಿನ್‌ನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಹೀಟರ್ ಹಾಕಿಕೊಂಡು, ಒಂದೊಂದಾಗಿ ಎಲ್ಲವನ್ನೂ ತಿಂದ. ಅವಸರ ಮಾಡಲಿಲ್ಲ. ಆಮೇಲೆ ಒಳಗೆ ಹೋಗಿ ಬಕೆಟ್ಟನ್ನು ಗಲ್ಲಾದ ಮೇಲಿಟ್ಟ.

ವರ್ಲಿನ್ ಮುಚ್ಚಳ ತೆಗೆದು ನೋಡಿದ. ಬಗ್ಗಿಸಿ ನೋಡಿದ. ಭಾವನ ಮುಖ ನೋಡಿದ.

"ಖಾಲಿ!"

"ಏನಾದ್ರೂ ಹಾಕಿ ಕೊಟ್ರೆ ಮಾರಾಟ ಆಗ್ಬಿಡುತ್ತೆ ಕಣೋ," ಎಂದ ಎಲ್ಡನ್, ಮೀಸೆಗಂಟಿದ ಸಕ್ಕರೆ ಒರೆಸಿಕೊಳ್ಳುತ್ತಾ. "ನಾನು ಪ್ರಯೋಗ ಮಾಡಿ ನೋಡೋಕೆ ತಗೊಂಡಿದ್ದು."